ಎರಡು ದೇಶಕ್ಕೆ ವಿಶ್ವಕಪ್ ಗೋಲು ಹೊಡೆದ ಪ್ರೊಸಿನೆಚ್ಕಿ: ಬಲ್ಲವರು ಸ್ವಲ್ಪ ಹೇಳಿ

ಹಳೇಪಂದ್ಯ:

1998ರ ವಿಶ್ವಕಪ್‌ನ ವಿಡಿಯೊಗಳನ್ನು ಈಚೆಗೆ ಒಂದೊಂದಾಗಿ ನೋಡುತ್ತಿದ್ದೇನೆ. ಮೂರನೇ ಸ್ಥಾನಕ್ಕೆ ನಡೆದ ಕ್ರೊಯೇಷಿಯಾ–ನೆದರ್ಲೆಂಡ್ಸ್ ಪಂದ್ಯದಲ್ಲಿ ಹೊಂಬಣ್ಣದ ಕೂದಲಿನ ಮಿಡ್‌ಫೀಲ್ಡರ್ ಒಬ್ಬರು ಬಾಕ್ಸ್ ಒಳಗೆ ಚೆಂಡು ತಗೊಂಡು, ಅವಸರವೇ ಇಲ್ಲದವರ ಹಾಗೆ ತಿರುಗಿ ಗೋಲು ಹೊಡೆದರು. ಹೆಸರು ರಾಬರ್ಟ್ ಪ್ರೊಸಿನೆಚ್ಕಿ. ಆಮೇಲೆ ಹುಡುಕಿ ನೋಡಿದರೆ 1990ರ ವಿಶ್ವಕಪ್‌ನಲ್ಲೂ ಇವರದೊಂದು ಗೋಲಿದೆ, ಆದರೆ ಅದು ಯುಗೊಸ್ಲಾವಿಯಾ ಪರ. ಎರಡು ಬೇರೆ ಬೇರೆ ತಂಡಕ್ಕೆ ವಿಶ್ವಕಪ್‌ನಲ್ಲಿ ಗೋಲು ಹೊಡೆದವರು ಇವರೊಬ್ಬರೇ ಎಂದು ಹಲವು ಕಡೆ ಬರೆದಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ಒಂದು ದೇಶಕ್ಕೆ ಆಡಿದ ಮೇಲೆ ಇನ್ನೊಂದಕ್ಕೆ ಆಡಲು ಹೇಗೆ ಬಿಟ್ಟರು? ಮತ್ತೆ, ರೆಡ್ ಸ್ಟಾರ್, ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಮೂರೂ ಕ್ಲಬ್ಬಿಗೆ ಆಡಿದ ಮನುಷ್ಯನ ಹೆಸರು ಬಾಜಿಯೊ, ಜಿದಾನ್ ಪಕ್ಕದಲ್ಲಿ ಯಾಕೆ ಕೇಳಿಬರುವುದಿಲ್ಲ? ಕೆಲವರು ಗಾಯ ಎನ್ನುತ್ತಾರೆ, ಕೆಲವರು ಸಿಗರೇಟು ಎನ್ನುತ್ತಾರೆ. ಆಗಿನ ಪಂದ್ಯ ನೋಡಿದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಎಡಗಾಲು_ಶ್ರೀನಿ:

ಒಳ್ಳೆಯ ಪ್ರಶ್ನೆ ಗುರೂ. ಮೊದಲನೆಯದಕ್ಕೆ ಉತ್ತರ ಸುಲಭ. ಅವರು ದೇಶ ಬದಲಾಯಿಸಲಿಲ್ಲ, ಅವರು ಆಡುತ್ತಿದ್ದ ದೇಶವೇ ಒಡೆದುಹೋಯಿತು. ಯುಗೊಸ್ಲಾವಿಯಾದ ಒಂದು ತುಂಡಾದ ಕ್ರೊಯೇಷಿಯಾ ಸ್ವತಂತ್ರವಾಗಿ, 1992ರ ಜುಲೈನಲ್ಲಿ ಅದಕ್ಕೆ ಫಿಫಾ ಸದಸ್ಯತ್ವ ಸಿಕ್ಕಿತು. ಹಳೇ ತಂಡದ ಆಟಗಾರರು ತಮ್ಮ ತಮ್ಮ ಹೊಸ ದೇಶಕ್ಕೆ ಆಡಬಹುದಾಗಿತ್ತು. ಶೂಕರ್, ಬೊಬಾನ್, ಯಾರ್ನಿ ಎಲ್ಲರೂ ಹಾಗೇ ಬಂದವರು. ಯುಗೊಸ್ಲಾವಿಯಾ ಪರ 15 ಪಂದ್ಯ, ಕ್ರೊಯೇಷಿಯಾ ಪರ 49 ಪಂದ್ಯ, ಇದು ಪ್ರೊಸಿನೆಚ್ಕಿ ಲೆಕ್ಕ.

ಆದರೆ ಈ ಮನುಷ್ಯನ ವಿಷಯ ಉಳಿದವರಿಗಿಂತ ಸ್ವಲ್ಪ ಗೋಜಲು. ಹುಟ್ಟಿದ್ದು 1969ರ ಜನವರಿಯಲ್ಲಿ, ಪಶ್ಚಿಮ ಜರ್ಮನಿಯ ಷ್ವೆನಿಂಗನ್ ಎಂಬ ಊರಲ್ಲಿ. ಅಪ್ಪ ಅಮ್ಮ ಅಲ್ಲಿಗೆ ದುಡಿಯಲು ಹೋದವರು. ಅಪ್ಪ ಕ್ರೊಯೇಟ್, ಅಮ್ಮ ಸರ್ಬ್. ಹುಡುಗನಾಗಿದ್ದಾಗ ಮನೆಯವರು ಯುಗೊಸ್ಲಾವಿಯಾಕ್ಕೆ ವಾಪಸ್ ಬಂದರು, ಇವರು ಡಿನಾಮೊ ಜಾಗ್ರೆಬ್ ಸೇರಿದರು. ಅಲ್ಲಿ ಕೋಚ್ ಆಗಿದ್ದವರು ಮಿರೊಸ್ಲಾವ್ ಬ್ಲಾಜೆವಿಚ್. ಅವರಿಗೆ ಈ ಹುಡುಗನ ಮೇಲೆ ನಂಬಿಕೆ ಬರಲೇ ಇಲ್ಲ. ಇವನು ದೊಡ್ಡ ಆಟಗಾರನಾದರೆ ನನ್ನ ಕೋಚಿಂಗ್ ಡಿಪ್ಲೊಮಾವನ್ನೇ ತಿಂದುಬಿಡುತ್ತೇನೆ ಎಂದಿದ್ದರಂತೆ, ಬಾಲ್ಕನ್ ಕಡೆ ಇದು ಬಹಳ ಓಡಾಡಿದ ಕತೆ. 1987ರಲ್ಲಿ ಹುಡುಗ ಗಂಟುಮೂಟೆ ಕಟ್ಟಿ ಹೋಗಿದ್ದು ಎಲ್ಲಿಗೆ ಗೊತ್ತಾ, ಬೆಲ್‌ಗ್ರೇಡ್‌ನ ರೆಡ್ ಸ್ಟಾರ್‌ಗೆ. ಡಿನಾಮೊಗೆ ಎಂದೂ ಆಗಿಬರದ ಕ್ಲಬ್ಬು ಅದು!

ಅದೇ ವರ್ಷ ಚಿಲಿಯಲ್ಲಿ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಯುಗೊಸ್ಲಾವಿಯಾ ಗೆದ್ದಿತು, ಟೂರ್ನಿಯ ಅತ್ಯುತ್ತಮ ಆಟಗಾರ ಪ್ರೊಸಿನೆಚ್ಕಿ. ಶೂಕರ್, ಬೊಬಾನ್, ಮಿಯಾಟೊವಿಚ್ ಎಲ್ಲ ಇದ್ದ ತಂಡದಲ್ಲಿ ಆ ಪ್ರಶಸ್ತಿ ತಗೊಳ್ಳುವುದು ಹುಡುಗಾಟ ಅಲ್ಲ. ಮೂರು ವರ್ಷ ಬಿಟ್ಟು ಇಟಲಿ ವಿಶ್ವಕಪ್‌ನಲ್ಲಿ ಯುಎಇ ವಿರುದ್ಧ ಬೊಲೊನ್ಯಾದಲ್ಲಿ ಗೋಲು, ಜೊತೆಗೆ ಅತ್ಯುತ್ತಮ ಯುವ ಆಟಗಾರ ಪ್ರಶಸ್ತಿ. ಕ್ವಾರ್ಟರ್‌ಫೈನಲ್‌ನಲ್ಲಿ ಮರಡೋನಾ ಇದ್ದ ಅರ್ಜೆಂಟಿನಾ ಎದುರು ಯುಗೊಸ್ಲಾವಿಯಾ ಅರ್ಧ ಗಂಟೆಗೇ ಹತ್ತು ಜನಕ್ಕೆ ಇಳಿದಿತ್ತು. ಆದರೂ ಗೋಲಿಲ್ಲದ ಡ್ರಾ ತನಕ ಎಳೆದು ಪೆನಾಲ್ಟಿಯಲ್ಲಿ ಸೋತರು. ಪ್ರೊಸಿನೆಚ್ಕಿ ತಮ್ಮ ಪೆನಾಲ್ಟಿ ಹಾಕಿದರು, ಆಗ ವಯಸ್ಸು 21.

ಈಗ ಮಜಾ ನೋಡಿ. 1998ರಲ್ಲಿ ಕ್ರೊಯೇಷಿಯಾ ವಿಶ್ವಕಪ್‌ಗೆ ಹೋದಾಗ ಕೋಚ್ ಯಾರು? ಅದೇ ಬ್ಲಾಜೆವಿಚ್. ಜಮೈಕಾ ವಿರುದ್ಧ ಒಂದು, ನೀವು ನೋಡಿದ ನೆದರ್ಲೆಂಡ್ಸ್ ಪಂದ್ಯದಲ್ಲಿ ಒಂದು, ಎರಡೂ ಗೋಲು ಅವರ ಕಣ್ಣೆದುರೇ. ಡಿಪ್ಲೊಮಾ ತಿಂದರೋ ಬಿಟ್ಟರೋ ಯಾರೂ ಬರೆದಿಲ್ಲ.

ಗೋಲ್‌ಕಿಕ್:

ಶ್ರೀನಿ ಅವರು ದೇಶದ ಕತೆ ಹೇಳಿದರು, ನಾನು ಕ್ಲಬ್ ಕತೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

1990–91ರ ರೆಡ್ ಸ್ಟಾರ್ ತಂಡವನ್ನು ಒಮ್ಮೆ ನೋಡಿ. ಮುಂದೆ ಪಾಂಚೆವ್, ಅವರ ಹಿಂದೆ ಸಾವಿಚೆವಿಚ್, ಮಧ್ಯದಲ್ಲಿ ಪ್ರೊಸಿನೆಚ್ಕಿ, ಯುಗೊವಿಚ್, ಮಿಹಾಯ್ಲೊವಿಚ್, ಹಿಂದೆ ರೊಮೇನಿಯಾದಿಂದ ಬಂದ ಬೆಲೊಡೆಡಿಚ್. ಒಂದೇ ಕ್ಲಬ್‌ನಲ್ಲಿ ಸರ್ಬ್, ಕ್ರೊಯೇಟ್, ಮ್ಯಾಸಿಡೋನಿಯಾದವರು, ಮಾಂಟೆನೆಗ್ರೊದವರು ಎಲ್ಲರೂ. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಯುರೋಪಿಯನ್ ಕಪ್‌ನ ಸೆಮಿಫೈನಲ್‌ನಲ್ಲಿ ಬಯರ್ನ್ ಮ್ಯೂನಿಕ್ ಅನ್ನು ಅವರ ಮನೆಯಲ್ಲೇ 2-1ರಿಂದ ಹೊಡೆದು, ಬೆಲ್‌ಗ್ರೇಡ್‌ನಲ್ಲಿ 2-2 ಮಾಡಿಕೊಂಡು ಫೈನಲ್‌ಗೆ ಹೋದರು. ಆ ಎರಡನೇ ಪಂದ್ಯದ ಕೊನೇ ನಿಮಿಷದಲ್ಲಿ ಬಯರ್ನ್‌ನ ಔಗೆಂಥಾಲರ್ ಕಾಲಿಗೆ ತಾಗಿ ಚೆಂಡು ಮೇಲಕ್ಕೆ ಹಾರಿ ಅವರದೇ ಗೋಲಿಗೆ ಬಿದ್ದ ದೃಶ್ಯ ನೋಡಿದವರು ಮರೆಯುವುದಿಲ್ಲ.

ಫೈನಲ್ ಮಾತ್ರ ಬೇಜಾರು. 1991ರ ಮೇ 29, ಇಟಲಿಯ ಬಾರಿ, ಎದುರಿಗೆ ಫ್ರಾನ್ಸಿನ ಮಾರ್ಸೇಯ್. ಇಂಥ ಆಟಗಾರರನ್ನು ಇಟ್ಟುಕೊಂಡು ರೆಡ್ ಸ್ಟಾರ್ ಎರಡು ಗಂಟೆ ಬರೀ ಕಾದು ಕೂತಿತು. ಗೋಲೇ ಇಲ್ಲ. ಪೆನಾಲ್ಟಿಯಲ್ಲಿ ಮೊದಲ ಕಿಕ್ ತಗೊಂಡು ಹಾಕಿದ್ದು ಪ್ರೊಸಿನೆಚ್ಕಿ, 5-3ಕ್ಕೆ ಕಪ್ ಬಂತು. ಒಂದು ತಿಂಗಳೂ ಕಳೆದಿರಲಿಲ್ಲ, ಜೂನ್ 25ರಂದು ಕ್ರೊಯೇಷಿಯಾ ಮತ್ತು ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿದವು. ಆ ತಂಡ ಚೆಲ್ಲಾಪಿಲ್ಲಿ ಆಯಿತು.

ಪ್ರೊಸಿನೆಚ್ಕಿ ಹೋಗಿದ್ದು ರಿಯಲ್ ಮ್ಯಾಡ್ರಿಡ್‌ಗೆ. ಅಲ್ಲಿ ಸ್ನಾಯುಗಳು ಕೈಕೊಟ್ಟವು. ಮೊದಲ ಸೀಸನ್‌ನಲ್ಲಿ ಬೆರಳಲ್ಲಿ ಎಣಿಸುವಷ್ಟು ಲೀಗ್ ಪಂದ್ಯ ಆಡಿದರು ಅಷ್ಟೇ. ವಾಪಸ್ ಬರುವುದು, ಮತ್ತೆ ನೋವು, ಮತ್ತೆ ಹೊರಗೆ. ಅದೇ ಹೊತ್ತಿಗೆ ರಿಯಲ್ ತಂಡಕ್ಕೂ ಶನಿಕಾಟ, 1992 ಮತ್ತು 1993 ಎರಡೂ ವರ್ಷ ಕೊನೇ ದಿನ ಟೆನೆರಿಫೆಯಲ್ಲಿ ಸೋತು ಲೀಗನ್ನು ಬಾರ್ಸಿಲೋನಾಕ್ಕೆ ಬಿಟ್ಟುಕೊಟ್ಟರು. 1993ರ ಕೋಪಾ ಡೆಲ್ ರೇ (ಸ್ಪೇನ್‌ನ ಕಪ್ ಟೂರ್ನಿ) ಒಂದು ಸಿಕ್ಕಿತು. ಆಮೇಲೆ 1994ರಲ್ಲಿ ಸ್ಪೇನ್‌ನದೇ ಇನ್ನೊಂದು ಕ್ಲಬ್ಬಾದ ಒವಿಯೆಡೊಗೆ ಸಾಲವಾಗಿ ಕಳಿಸಿದರು. ಅಲ್ಲಿ ಕೋಚ್ ರಾಡೊಮಿರ್ ಆಂಟಿಚ್, ಭಾಷೆ ಗೊತ್ತಿದ್ದವರು, ಹುಡುಗನನ್ನು ಅರ್ಥ ಮಾಡಿಕೊಂಡವರು. ನನ್ನ ಪ್ರಕಾರ ಸ್ಪೇನ್‌ನಲ್ಲಿ ಪ್ರೊಸಿನೆಚ್ಕಿ ನಿಜವಾಗಿ ಪ್ರೊಸಿನೆಚ್ಕಿ ಥರ ಆಡಿದ್ದು ಆ ಒಂದು ವರ್ಷ ಮಾತ್ರ. ಅದನ್ನು ನೋಡಿಯೇ ಕೋಚ್ ಕ್ರಾಯ್ಫ್ ಬಾರ್ಸಿಲೋನಾಕ್ಕೆ ಕರೆಸಿಕೊಂಡರು, ಅಲ್ಲಿ ಒಂದೇ ಸೀಸನ್, ಮತ್ತೆ ಗಾಯ. ಆಮೇಲೆ ಸೆವಿಯಾದಲ್ಲಿ ಸ್ವಲ್ಪ ಕಾಲ, ಅಲ್ಲಿಂದ 1997ರಲ್ಲಿ ಜಾಗ್ರೆಬ್.

ಸಿಗರೇಟಿನ ಮಾತು ಸುಳ್ಳಲ್ಲ. ಬಿಡದೆ ಸೇದುತ್ತಿದ್ದರು ಎನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ, ಅವರೂ ಮುಚ್ಚಿಡಲಿಲ್ಲ. ಆದರೆ ಆ ಕಾಲದಲ್ಲಿ ಸೇದುತ್ತಿದ್ದ ದೊಡ್ಡ ಆಟಗಾರರು ಬೇಕಾದಷ್ಟು ಜನ ಇದ್ದರು, ಸ್ವತಃ ಕ್ರಾಯ್ಫ್ ಆಡುವಾಗ ಸೇದುತ್ತಿದ್ದವರೇ. ಹಾಗಾಗಿ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಸರಿ ಅಲ್ಲ. ತೊಡೆಯ ಸ್ನಾಯು ಪದೇ ಪದೇ ಹರಿಯುವವನಿಗೆ ಆಟದ ಲಯ ಸಿಗುವುದಾದರೂ ಹೇಗೆ?

ಆಫ್‌ಸೈಡ್_ಅಲ್ಲ:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಹೊಡೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ "ಎರಡು ದೇಶಕ್ಕೆ ಗೋಲು" ದಾಖಲೆ ಬರೀ ಕಾಗದದ ಮೇಲಿನ ದಾಖಲೆ. 1990ರ ಗೋಲು ಯುಎಇ ವಿರುದ್ಧ, ಅದೂ ಪಂದ್ಯ ಮುಗಿಯುವ ಹೊತ್ತಿಗೆ ಹೊಡೆದಿದ್ದು. ಅಷ್ಟೊತ್ತಿಗೆ ಯುಗೊಸ್ಲಾವಿಯಾ ಆಗಲೇ 3-1 ಮುಂದಿತ್ತು. 1998ರ ಒಂದು ಗೋಲು ಮೊದಲ ಸಲ ವಿಶ್ವಕಪ್‌ಗೆ ಬಂದಿದ್ದ ಜಮೈಕಾ ವಿರುದ್ಧ, ಇನ್ನೊಂದು ಮೂರನೇ ಸ್ಥಾನದ ಪಂದ್ಯದಲ್ಲಿ. ಅದಕ್ಕಿಂತ ದೊಡ್ಡವರು ಇದೇ ದಾರಿಯಲ್ಲಿ ಹೋಗಿದ್ದಾರೆ. ಲೂಯಿಸ್ ಮಾಂಟಿ 1930ರಲ್ಲಿ ಅರ್ಜೆಂಟಿನಾ ಪರ ಫೈನಲ್ ಆಡಿ ಸೋತರು, 1934ರಲ್ಲಿ ಇಟಲಿ ಪರ ಫೈನಲ್ ಆಡಿ ಗೆದ್ದರು. ಎರಡು ದೇಶಕ್ಕೆ ಎರಡು ಫೈನಲ್, ಅದನ್ನು ದಾಖಲೆ ಎನ್ನಿ. ಪುಷ್ಕಾಶ್ 1954ರಲ್ಲಿ ಹಂಗೆರಿ ಪರ ನಾಲ್ಕು ಗೋಲು ಹೊಡೆದವರು, 1962ರಲ್ಲಿ ಸ್ಪೇನ್ ಪರ ಚಿಲಿಗೆ ಹೋದರು, ಒಂದೂ ಬರಲಿಲ್ಲ. ಅಲ್ಟಾಫಿನಿ 1958ರಲ್ಲಿ ಬ್ರೆಜಿಲ್ ಪರ ಗೋಲು ಹೊಡೆದು 1962ರಲ್ಲಿ ಇಟಲಿ ಪರ ಬರಿಗೈ. ಇವರೆಲ್ಲ ನಿಜವಾಗಿ ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋದವರು. ಪ್ರೊಸಿನೆಚ್ಕಿ ಆಡಿದ್ದು ಒಂದೇ ನೆಲದ ಹುಡುಗರ ಜೊತೆ, ಬದಲಾಗಿದ್ದು ಅಂಗಿಯ ಬಣ್ಣ.

ಅದೂ ಅಲ್ಲದೆ, ಗಾಯ ಆಗದ ಆಟಗಾರ ಯಾರಿದ್ದಾರೆ? ಬಾಜಿಯೊ ಮಂಡಿ ಹದಿಹರೆಯದಲ್ಲೇ ಹೋಗಿತ್ತು, ಆದರೂ ಒಬ್ಬರೇ ಇಟಲಿಯನ್ನು 1994ರ ಫೈನಲ್‌ವರೆಗೆ ಎಳೆದುಕೊಂಡು ಹೋದರು. ಪ್ರೊಸಿನೆಚ್ಕಿ ಆಟ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಚೆಂಡನ್ನು ಜಾಸ್ತಿ ಹೊತ್ತು ಇಟ್ಟುಕೊಳ್ಳುವ ಚಟ. ಮೂರು ಜನರನ್ನು ದಾಟಿ ನಾಲ್ಕನೆಯವನ ಹತ್ತಿರ ಕಳೆದುಕೊಳ್ಳುವುದು.

ಎಡಗಾಲು_ಶ್ರೀನಿ:

ಚೆಂಡು ಇಟ್ಟುಕೊಳ್ಳುವ ಚಟ ಇತ್ತು, ಇಲ್ಲ ಅನ್ನಲ್ಲ. ಮೊದಲಿನಿಂದಲೂ ವೇಗ ಇರಲಿಲ್ಲ, ಎದುರಾಳಿ ಮೈಮೇಲೆ ಬರಲಿ ಎಂದು ಕಾದು, ಬಂದ ಮೇಲೆ ಚೆಂಡನ್ನು ಬೂಟಿನ ಅಡಿಯಿಂದ ಹಿಂದಕ್ಕೆ ಎಳೆದು ತಪ್ಪಿಸಿಕೊಳ್ಳುವ ಆಟ ಅದು. ಕಾಲು ಒಂದು ಚೂರು ನಿಧಾನವಾದರೂ ಅದು ನಡೆಯುವುದಿಲ್ಲ.

ಆದರೆ "ಅಂಗಿಯ ಬಣ್ಣ ಮಾತ್ರ ಬದಲಾಯಿತು" ಎಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. 1990ರ ಮೇ 13ರಂದು ಜಾಗ್ರೆಬ್‌ನ ಮಾಕ್ಸಿಮಿರ್ ಕ್ರೀಡಾಂಗಣದಲ್ಲಿ ಡಿನಾಮೊ–ರೆಡ್ ಸ್ಟಾರ್ ಪಂದ್ಯ ಶುರುವಾಗಲೇ ಇಲ್ಲ, ಅಷ್ಟು ಹೊಡೆದಾಟ. ಬೊಬಾನ್ ಪೊಲೀಸನಿಗೆ ಒದ್ದಿದ್ದು ಅಲ್ಲೇ, ಅದರಿಂದ ಅಮಾನತಾಗಿ ವಿಶ್ವಕಪ್ ತಪ್ಪಿಸಿಕೊಂಡರು. ಪ್ರೊಸಿನೆಚ್ಕಿ ಆಗ ಎದುರು ಪಾಳಯದ ಕ್ಲಬ್‌ನವರು. ಮೂರು ವಾರ ಕಳೆದು ಅದೇ ಮೈದಾನದಲ್ಲಿ ಯುಗೊಸ್ಲಾವಿಯಾ–ನೆದರ್ಲೆಂಡ್ಸ್ ಸೌಹಾರ್ದ ಪಂದ್ಯ. ಜನ ತಮ್ಮದೇ ದೇಶದ ರಾಷ್ಟ್ರಗೀತೆಗೆ ಶಿಳ್ಳೆ ಹಾಕಿದರು, ಡಚ್ಚರಿಗೆ ಜೈ ಎಂದರು. ಇದಾದ ಕೆಲವೇ ದಿನಕ್ಕೆ ವಿಶ್ವಕಪ್. ಅಪ್ಪ ಒಂದು ಕಡೆಯವರು, ಅಮ್ಮ ಇನ್ನೊಂದು ಕಡೆಯವರು ಆಗಿದ್ದ 21ರ ಹುಡುಗ ಆ ತಂಡದಲ್ಲಿ ಆಡಿದ್ದಾನೆ. ಬಣ್ಣ ಅಂತ ತಳ್ಳಿಹಾಕುವ ವಿಷಯವಾ ಇದು?

ಇನ್ನು ಯಾರೂ ಜಾಸ್ತಿ ಗಮನಿಸದ ಒಂದು ವಿಷಯ. ಯುದ್ಧದ ಕಾರಣಕ್ಕೆ ಯುಗೊಸ್ಲಾವಿಯಾವನ್ನು 1992ರ ಯೂರೋ ಕಪ್‌ನಿಂದ ಹೊರಗಿಟ್ಟರು, ಆ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಹೊತ್ತುಕೊಂಡು ಹೋಯಿತು. 1994ರ ವಿಶ್ವಕಪ್ ಅರ್ಹತಾ ಪಂದ್ಯಗಳು ಶುರುವಾಗುವ ಹೊತ್ತಿಗೆ ಕ್ರೊಯೇಷಿಯಾ ತಡವಾಗಿತ್ತು, ಅದೂ ಹೋಯಿತು. ಕ್ರೊಯೇಷಿಯಾ ಲೆಕ್ಕಕ್ಕೆ ಬರುವ ಮೊದಲ ಅರ್ಹತಾ ಪಂದ್ಯ ಆಡಿದ್ದು 1994ರ ಸೆಪ್ಟೆಂಬರ್‌ನಲ್ಲಿ, ಎಸ್ಟೋನಿಯಾದಲ್ಲಿ. ಅಂದರೆ 22ರಿಂದ 25ರ ವಯಸ್ಸಿನವರೆಗೆ ಈ ಆಟಗಾರನಿಗೆ ದೇಶದ ಪರ ದೊಡ್ಡ ಪಂದ್ಯವೇ ಇಲ್ಲ. ಒಬ್ಬ ಮಿಡ್‌ಫೀಲ್ಡರ್ ಅರಳುವ ವಯಸ್ಸು ಅದು. ಮ್ಯಾಡ್ರಿಡ್‌ನಲ್ಲಿ ಸ್ನಾಯು ಹರಿದಿದ್ದೂ ಅದೇ ವರ್ಷಗಳಲ್ಲಿ. ಬಾಜಿಯೊಗೆ ಕ್ಲಬ್‌ನಲ್ಲಿ ಕೆಟ್ಟ ವರ್ಷ ಬಂದರೂ ಬೇಸಿಗೆಯಲ್ಲಿ ವಿಶ್ವಕಪ್ ಇತ್ತು, ಜಗತ್ತು ನೋಡುತ್ತಿತ್ತು. ಇವರಿಗೆ ಆ ಕಿಟಕಿಯೂ ಮುಚ್ಚಿತ್ತು. ಎರಡು ದೇಶದ ದಾಖಲೆ ಕೊಟ್ಟಿದ್ದೂ ಆ ಒಡಕೇ, ನಡುವಿನ ವರ್ಷಗಳನ್ನು ನುಂಗಿದ್ದೂ ಅದೇ.

ಗೋಲ್‌ಕಿಕ್:

ಇದಕ್ಕೊಂದು ತಮಾಷೆ ಸೇರಿಸುತ್ತೇನೆ. ಫಿಫಾ ಹಳೇ ಯುಗೊಸ್ಲಾವಿಯಾದ ದಾಖಲೆಗಳನ್ನೆಲ್ಲ ಇವತ್ತಿನ ಸರ್ಬಿಯಾ ಖಾತೆಗೆ ಹಾಕುತ್ತದೆ. ಹಾಗಾಗಿ ಪ್ರೊಸಿನೆಚ್ಕಿ 1990ರ ಗೋಲು ಸರ್ಬಿಯಾದ ಲೆಕ್ಕದಲ್ಲಿದೆ, 1998ರ ಎರಡು ಕ್ರೊಯೇಷಿಯಾ ಲೆಕ್ಕದಲ್ಲಿ. ಅದೇ ಕಾರಣಕ್ಕೆ ಸ್ಟಾಂಕೊವಿಚ್ 1998ರಲ್ಲಿ ಯುಗೊಸ್ಲಾವಿಯಾ, 2006ರಲ್ಲಿ ಸರ್ಬಿಯಾ–ಮಾಂಟೆನೆಗ್ರೊ, 2010ರಲ್ಲಿ ಸರ್ಬಿಯಾ ಎಂಬ ಮೂರು ಹೆಸರಿನಲ್ಲಿ ವಿಶ್ವಕಪ್ ಆಡಿದರೂ ದಾಖಲೆ ಪುಸ್ತಕದಲ್ಲಿ ಒಂದೇ ಸಾಲು.

ದೇಶ ಹೋದವರ ಸಾಲಿನಲ್ಲಿ ಮಥಿಯಾಸ್ ಸಾಮರ್ ಕತೆ ಇನ್ನೊಂದು ಥರ. ಪೂರ್ವ ಜರ್ಮನಿಯ ಕೊನೇ ಪಂದ್ಯ 1990ರ ಸೆಪ್ಟೆಂಬರ್ 12ರಂದು ಬ್ರಸೆಲ್ಸ್‌ನಲ್ಲಿ, ಬೆಲ್ಜಿಯಂ ವಿರುದ್ಧ 2-0, ಎರಡೂ ಗೋಲು ಸಾಮರ್ ಅವರದೇ. ಆಮೇಲೆ ಒಂದಾದ ಜರ್ಮನಿ ಪರ ಆಡಿ 1996ರ ಯೂರೋ ಗೆದ್ದು ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ತಗೊಂಡರು. ಅವರಿಗೆ ಎರಡು ತಂಡದ ನಡುವೆ ಬಿಡುವು ಅಂತ ಹೆಚ್ಚೇನೂ ಇರಲಿಲ್ಲ. ದೇಶಗಳು ಸೇರಿದಾಗ ಆಟಗಾರನಿಗೆ ಲಾಭ, ಒಡೆದಾಗ ಕಷ್ಟ. ಶ್ರೀನಿ ಹೇಳಿದ್ದು ಇಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಹಳೇಪಂದ್ಯ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟೆಲ್ಲ ಇರುತ್ತದೆ ಅಂದುಕೊಂಡಿರಲಿಲ್ಲ. ಒಂದು ಉಪಪ್ರಶ್ನೆ, ದೇಶ ಒಡೆಯದೆ ಸುಮ್ನೆ ಆಟಗಾರನೇ ಬದಲಾಯಿಸಬೇಕು ಎಂದರೆ ಈಗ ಆಗುತ್ತದಾ? ಪುಷ್ಕಾಶ್ ಥರ? ಮತ್ತೆ 1998ರ ನಂತರ ಪ್ರೊಸಿನೆಚ್ಕಿ ಏನು ಮಾಡಿದರು?

ಆಫ್‌ಸೈಡ್_ಅಲ್ಲ:

ಪುಷ್ಕಾಶ್ ಥರ ಆಗುವುದಿಲ್ಲ. ಹಂಗೆರಿ ಪರ 85 ಪಂದ್ಯ ಆಡಿದ ಮೇಲೆ ಸ್ಪೇನ್‌ಗೆ ಆಡಿದವರು ಅವರು, 1960ರ ದಶಕದಲ್ಲಿ ಫಿಫಾ ಆ ಬಾಗಿಲು ಮುಚ್ಚಿತು. ಆಮೇಲೆ ಸೌಹಾರ್ದ ಪಂದ್ಯ ಮಾತ್ರ ಆಡಿದ್ದರೆ ಬದಲಾಯಿಸಬಹುದು ಎನ್ನುವ ಸಂದಿ ಉಳಿಯಿತು. ಡಿಯೆಗೊ ಕೋಸ್ಟಾ 2013ರಲ್ಲಿ ಬ್ರೆಜಿಲ್ ಪರ ಎರಡು ಸೌಹಾರ್ದ ಪಂದ್ಯ ಆಡಿ, ಮುಂದಿನ ವರ್ಷ ಬ್ರೆಜಿಲ್‌ನಲ್ಲೇ ನಡೆದ ವಿಶ್ವಕಪ್‌ಗೆ ಸ್ಪೇನ್ ಅಂಗಿ ಹಾಕಿಕೊಂಡು ಬಂದರು. ಅಲ್ಲಿನ ಜನ ಬಿಡುತ್ತಾರಾ, ಚೆಂಡು ಮುಟ್ಟಿದಾಗಲೆಲ್ಲ ಬೊಬ್ಬೆ.

2020ರಲ್ಲಿ ನಿಯಮ ಸ್ವಲ್ಪ ಸಡಿಲ ಆಯಿತು. ಈಗ ಸ್ಪರ್ಧಾತ್ಮಕ ಪಂದ್ಯ ಆಡಿದ್ದರೂ ಬದಲಾಯಿಸಬಹುದು, ಆದರೆ ಸೀನಿಯರ್ ತಂಡಕ್ಕೆ ಮೂರಕ್ಕಿಂತ ಜಾಸ್ತಿ ಪಂದ್ಯ ಆಡಿರಬಾರದು, ಅದೂ 21 ತುಂಬುವ ಮೊದಲು ಆಡಿರಬೇಕು, ಕೊನೇ ಪಂದ್ಯ ಆಡಿ ಮೂರು ವರ್ಷ ಕಳೆದಿರಬೇಕು. ವಿಶ್ವಕಪ್ ಅಥವಾ ಯೂರೋ ಥರದ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಒಂದು ನಿಮಿಷ ಆಡಿದ್ದರೂ ಮುಗಿಯಿತು. ಮೊದಲ ತಂಡಕ್ಕೆ ಆಡುವಾಗಲೇ ಎರಡನೇ ದೇಶದ ಪೌರತ್ವವೂ ಇರಬೇಕು. ಅಂದರೆ ಈ ನಿಯಮದಲ್ಲಿ ಪ್ರೊಸಿನೆಚ್ಕಿ ದಾಖಲೆಯನ್ನು ಸರಿಗಟ್ಟಲು ಯಾರಿಗೂ ಆಗುವುದಿಲ್ಲ, ಮತ್ತೊಂದು ದೇಶ ಒಡೆಯಬೇಕು ಅಷ್ಟೇ. ಕಾಗದದ ದಾಖಲೆ ಎಂದೆ, ಈಗಲೂ ಹಾಗೇ ಅನ್ನುತ್ತೇನೆ, ಆದರೆ ಮುರಿಯುವುದು ಕಷ್ಟ.

ಮೂರನೇ_ಡಿವಿಷನ್:

ಕೊನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಪೋರ್ಟ್ಸ್‌ಮತ್ ಅಭಿಮಾನಿ ಆಗಿ ಇಷ್ಟಾದರೂ ಮಾಡಬೇಕಲ್ವಾ.

ಜಾಗ್ರೆಬ್‌ನಲ್ಲಿ 2000ದವರೆಗೆ ಇದ್ದು ಲೀಗ್ ಗೆದ್ದರು, ಆಮೇಲೆ ಬೆಲ್ಜಿಯಂನ ಸ್ಟ್ಯಾಂಡರ್ಡ್ ಲೀಜ್, ಅಲ್ಲಿಂದ 2001ರಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿ ಒದ್ದಾಡುತ್ತಿದ್ದ ಪೋರ್ಟ್ಸ್‌ಮತ್‌ಗೆ ಬಂದರು. ಮಾಲೀಕ ಮಿಲಾನ್ ಮಾಂಡಾರಿಚ್ ಯುಗೊಸ್ಲಾವಿಯಾ ಮೂಲದವರು, ಆ ನಂಟಿನಿಂದ ಬಂದಿದ್ದು. ಯುರೋಪಿಯನ್ ಕಪ್ ಗೆದ್ದ ಮನುಷ್ಯ ಕೆಸರು ಮೈದಾನದಲ್ಲಿ ನಿಂತಲ್ಲೇ ನಿಂತು ಇಬ್ಬರು ಡಿಫೆಂಡರ್‌ಗಳನ್ನು ಕೂರಿಸುತ್ತಿದ್ದರು, ಓಡುವ ಕೆಲಸವೆಲ್ಲ ಉಳಿದವರದು. 2002ರ ಫೆಬ್ರವರಿಯಲ್ಲಿ ಬಾರ್ನ್‌ಸ್ಲಿ ವಿರುದ್ಧ ಹ್ಯಾಟ್ರಿಕ್ ಹೊಡೆದರು, ಆದರೂ ಪಂದ್ಯ 4-4 ಡ್ರಾ! ನಮ್ಮ ಡಿಫೆನ್ಸ್ ಅಷ್ಟು ಚೆನ್ನಾಗಿತ್ತು ಎಂದುಕೊಳ್ಳಿ. ಒಂದೇ ಸೀಸನ್ ಇದ್ದಿದ್ದು, ಆದರೆ ಹಳೇ ಅಭಿಮಾನಿಗಳನ್ನು ಕೇಳಿ ನೋಡಿ, ಆ ಕ್ಲಬ್ಬಿಗೆ ಆಡಿದವರಲ್ಲಿ ಕಾಲ್ಚಳಕ ಇದ್ದವರು ಯಾರು ಎಂದರೆ ಮೊದಲು ಬರುವ ಹೆಸರುಗಳಲ್ಲಿ ಇವರದೂ ಒಂದು. ಅದೇ ವರ್ಷ 33ರ ವಯಸ್ಸಿನಲ್ಲಿ ಕ್ರೊಯೇಷಿಯಾ ಪರ 2002ರ ವಿಶ್ವಕಪ್‌ಗೂ ಹೋದರು.

ನಿವೃತ್ತಿ ಆದ ಮೇಲೆ ಕೋಚಿಂಗ್. ಮೊದಲು ಬಿಲಿಚ್ ಕೈಕೆಳಗೆ ಕ್ರೊಯೇಷಿಯಾ ತಂಡದ ಸಹಾಯಕ ಕೋಚ್. 2010ರ ಕೊನೆಗೆ ರೆಡ್ ಸ್ಟಾರ್ ಕರೆಯಿತು, ಇವರು ಹೋದರು. ಯುದ್ಧ ಮುಗಿದು ಹದಿನೈದು ವರ್ಷ ಆಗಿದ್ದರೂ ಕ್ರೊಯೇಷಿಯಾ ಪರ ಆಡಿದವರು ಬೆಲ್‌ಗ್ರೇಡ್‌ನಲ್ಲಿ ಆ ಕುರ್ಚಿಯಲ್ಲಿ ಕೂರುವುದು ಸಣ್ಣ ಮಾತಲ್ಲ, ಆದರೆ ಅಲ್ಲಿನ ಜನಕ್ಕೆ ಇವರು 1991ರ ತಂಡದವರು, ಅಷ್ಟು ಸಾಕಾಗಿತ್ತು. 2012ರಲ್ಲಿ ಸರ್ಬಿಯನ್ ಕಪ್ ಗೆಲ್ಲಿಸಿದರು. ಆಮೇಲೆ ಅಜರ್‌ಬೈಜಾನ್ ರಾಷ್ಟ್ರೀಯ ತಂಡ, 2018–19ರಲ್ಲಿ ಬೋಸ್ನಿಯಾ, 2024ರಲ್ಲಿ ಮಾಂಟೆನೆಗ್ರೊ. ಲೆಕ್ಕ ಹಾಕಿದರೆ ಹಳೇ ಯುಗೊಸ್ಲಾವಿಯಾದ ಮೂರು ತುಂಡುಗಳ ರಾಷ್ಟ್ರೀಯ ತಂಡದಲ್ಲಿ ಕೆಲಸ ಮಾಡಿದಂತಾಯಿತು.

ಹಳೇಪಂದ್ಯ ಅವರೇ, 1998 ಮುಗಿಸಿ 1991ರ ರೆಡ್ ಸ್ಟಾರ್–ಬಯರ್ನ್ ಎರಡೂ ಪಂದ್ಯ ನೋಡಿ. ಫೈನಲ್ ಬೇಡ, ನಿದ್ದೆ ಬರುತ್ತದೆ. ಸಿಕ್ಕಿದರೆ ಒವಿಯೆಡೊ ವರ್ಷದ ತುಣುಕುಗಳನ್ನೂ ಹುಡುಕಿ, ಅವುಗಳ ಲಿಂಕ್ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹಾಕಿ, ನನಗೂ ಬೇಕು.